ಎಣ್ಣೆ ಆರಿಸುವ ಜಾಲರಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೋಟಾರಿನ ಎಣ್ಣೆಯ ಮುಳ್ಳು ಇಳಿಯತೊಡಗಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗಷ್ಟೇ ನಾನು ಅಪ್ಪನ ಜೇಬುಗಡಿಯಾರ ತೆಗೆದು ನೋಡಿ, “ಕಾಕಾ, ಹನ್ನೆರಡಕ್ಕ ಕೂಸಿನ್ನ ತೊಟ್ಟಿಲದಾಗ ಹಾಕ್ತಾರಂತ. ಇನ್ನ ನಲವತ್ತ ನಿಮಿಷ ಐತಿ. ಸ್ವಲ್ಪ ಜಲ್ದಿ ಹೊಡೀರಿ” ಎಂದಿದ್ದೆ. ಗಡಿಯಾರದ ಮುಚ್ಚಳ ಇನ್ನೂ ನನ್ನ ಹೆಬ್ಬೆರಳಿನ ಕೆಳಗೆ ತೆರೆದೇ ಇತ್ತು.

ನಾವು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಗುಡ್ಡದ ದಾರಿಯಲ್ಲಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ. ಅವಳ ತೊಡೆಯ ಮೇಲೆ ಸಂಡೂರಿನಲ್ಲಿದ್ದ ತನ್ನ ತಮ್ಮನ ಮೊಮ್ಮಗನ ತೊಟ್ಟಿಲಿಗೆಂದು ಹೊಲಿಸಿದ ಕುಲಾಯಿ, ಅಂಗಿ, ಒಂದು ಬೆಳ್ಳಿ ಉಡದಾರ ಇದ್ದ ಗಂಟು. ಮುಂದೆ ಬಲಕ್ಕೆ ಕಾಕಾ, ಎಡಕ್ಕೆ ನಾನು. ನನ್ನ ಎಡಕ್ಕೆ ಕೆಮ್ಮಣ್ಣಿನ ಇಳಿಜಾರು. ಅದರಾಚೆ ಕೆಳಗೆ ಹಳ್ಳ.

ಕಾಕಾ ಎಂದರೆ ನನ್ನ ಚಿಕ್ಕಪ್ಪನಲ್ಲ. ಅವರು ನಮ್ಮ ಮೋಟಾರಿನ ಡ್ರೈವರು, ಹೊಸಪೇಟೆಗೆ ಅಂಟಿದ ಚಿತ್ತವಾಡ್ಗಿಯ ಮುಸಲ್ಮಾನರು, ಐವತ್ತು ದಾಟಿದವರು. ಚಿಕ್ಕಂದಿನಿಂದ ಅವರನ್ನು ಹಾಗೆ ಕರೆದು ರೂಢಿ. ಅವ್ವ ಅವರನ್ನು ‘ತಮ್ಮಾ’ ಎನ್ನುತ್ತಿದ್ದಳು. ಅವರು ಅವಳನ್ನು ‘ಅವ್ವಾರು’ ಎನ್ನುತ್ತಿದ್ದರು. ನಾನು ಮದ್ರಾಸಿನಲ್ಲಿ ಕಾಲೇಜು ಮುಗಿಸಿ ಬಂದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಹೋಗಿ ‘ಸಣ್ಣ ಧಣಿ’ ಆಗಿದ್ದೆ. ಅದು ನನಗೆ ಸ್ವಲ್ಪ ಹಿತವಾಗಿಯೇ ಇತ್ತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು.

ಮೋಟಾರು ಅಪ್ಪನದು. ಸಂಡೂರಿನ ಗಣಿ ಕೆಲಸಕ್ಕೆ ಬಂದಿದ್ದ ಒಬ್ಬ ಬಿಳಿಯ ದೊರೆ ತನ್ನ ಊರಿಗೆ ಮರಳುವಾಗ ಅದನ್ನು ಅಪ್ಪನಿಗೆ ಮಾರಿದ್ದ. ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದ ಆ ಮನುಷ್ಯ ಅದಕ್ಕೆ ಬೇರೆ ಮೋಟಾರುಗಳಲ್ಲಿ ಇಲ್ಲದ ಒಂದು ಅಂಗ ಜೋಡಿಸಿದ್ದ. ಮೂತಿಯ ಕೆಳಭಾಗದಲ್ಲಿ, ನೀರಿನ ರೇಡಿಯೇಟರಿನ ಮುಂದೆ, ಎರಡು ಗೇಣು ಅಗಲದ ಒಂದು ಕಪ್ಪು ಜಾಲರಿ. ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕಣ್ಣು. ಎಂಜಿನ್ನಿನಲ್ಲಿ ಕಾದ ಎಣ್ಣೆ ಒಂದು ಕೊಳವೆಯಿಂದ ಅದರೊಳಗೆ ಬಂದು, ಆ ಕಣ್ಣುಗಳಲ್ಲಿ ಹಾಯುವ ಗಾಳಿಗೆ ಆರಿ, ಇನ್ನೊಂದು ಕೊಳವೆಯಿಂದ ವಾಪಸು ಹೋಗುತ್ತಿತ್ತು. ಎಣ್ಣೆ ಆರಬೇಕೋ ಬೇಡವೋ ಎಂದು ತೀರ್ಮಾನಿಸಲು ಡ್ರೈವರನ ಮೊಣಕಾಲಿನ ಬಳಿ ಒಂದು ಹಿತ್ತಾಳೆಯ ನಲ್ಲಿ ಇತ್ತು. ಮುಚ್ಚಿದರೆ ಎಣ್ಣೆ ಜಾಲರಿಗೆ ಹೋಗದೆ ಒಳಗೇ ಸುತ್ತುತ್ತಿತ್ತು. ತೆರೆದರೆ ಗಾಳಿಗೆ ಹೋಗಿ ಬರುತ್ತಿತ್ತು.

ಆ ನಲ್ಲಿಯನ್ನು ಯಾವಾಗ ತಿರುಗಿಸಬೇಕೆಂಬುದು ಕಾಕಾನ ವಿದ್ಯೆ. ಬೆಳಿಗ್ಗೆ ಹೊರಡುವ ಮುನ್ನ ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುತ್ತಿದ್ದರು. “ಮುಂಜಾನಿ ಔಡಲೆಣ್ಣಿ ಇದ್ದಂಗ ಮಂದ ಇರತೈತಿ. ಅದು ಕುಸುಬಿ ಎಣ್ಣಿ ಆಗಬೇಕು. ನೀರ ಆತಂದ್ರ ಗಾಡಿ ಸತ್ತಂಗ” ಎನ್ನುತ್ತಿದ್ದರು. ಕಂಪ್ಲಿಯಲ್ಲಿ ನಮ್ಮ ಅಕ್ಕಿ ಗಿರಣಿ ಇತ್ತು. ವಾರಕ್ಕೆ ನಾಲ್ಕೈದು ಸಲ ಹೊಸಪೇಟೆಯ ಮನೆಯಿಂದ ಅಲ್ಲಿಗೆ ಹೋಗಿ ಬರಬೇಕು. ಚಳಿಗಾಲದಲ್ಲಿ ಅನಂತಶಯನಗುಡಿ ದಾಟುವವರೆಗೆ ನಲ್ಲಿ ಮುಚ್ಚಿರಬೇಕು. ಬೇಸಿಗೆಯಲ್ಲಿ ಮನೆಯ ಬಾಗಿಲಲ್ಲೇ ತೆರೆಯಬೇಕು. ಹಂಪಿ ಕಡೆಯಿಂದ ಗಾಳಿ ಬೀಸುವ ದಿನ ಅರ್ಧ ತೆರೆದರೆ ಸಾಕು. ಇದನ್ನೆಲ್ಲ ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಓದಲು ಬರುತ್ತಲೂ ಇರಲಿಲ್ಲ.

ಒಂದು ಮುಳ್ಳು ಮಾತ್ರ ಇತ್ತು. ಎಣ್ಣೆ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂದು ತೋರಿಸುವ ಮುಳ್ಳು. ಎಂಜಿನ್ನಿನಿಂದ ಒಂದು ಸಣ್ಣ ತಾಮ್ರದ ಕೊಳವೆ ಎಣ್ಣೆಯನ್ನೇ ಆ ಮುಳ್ಳಿನ ಹಿಂಭಾಗಕ್ಕೆ ತರುತ್ತಿತ್ತು, ಡ್ರೈವರನ ಕಾಲಿನ ನೇರ ಮೇಲೆ. ಎಣ್ಣೆ ಕಾದು ತೆಳುವಾದರೆ ಮುಳ್ಳು ಇಳಿಯುತ್ತದೆ. ಆ ದಿನ ಇಳಿದದ್ದು ಅದೇ ಮುಳ್ಳು.

ಅಪ್ಪ ತೀರಿಕೊಂಡದ್ದು ಅದರ ಹಿಂದಿನ ವರ್ಷ, ದೀಪಾವಳಿಗೆ ಮೊದಲು. ಜ್ವರ ಬಂದು ಹನ್ನೊಂದೇ ದಿನಕ್ಕೆ. ಅವನ ಅಂಗಿ, ರುಮಾಲು, ಊರುಗೋಲುಗಳನ್ನೆಲ್ಲ ಅವ್ವ ಯಾರು ಯಾರಿಗೋ ಕೊಟ್ಟುಬಿಟ್ಟಳು. ಮೋಟಾರನ್ನು ಮಾತ್ರ ಮಾರಬಾರದೆಂದಳು. ಆಮೇಲೆ ಅವಳೊಂದು ಪದ್ಧತಿ ಹಿಡಿದಳು. ಮೋಟಾರು ಹೊರಡುವ ಮುನ್ನ, ಲಿಂಗಪೂಜೆ ಮುಗಿಸಿದ ಒದ್ದೆ ಕೈಯಲ್ಲೇ ಹೊರಗೆ ಬಂದು, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಕಲಸಿ, ಮೂರು ಬೆರಳಿನಿಂದ ಆ ಕಪ್ಪು ಜಾಲರಿಯ ಮೇಲೆ ಅಡ್ಡಕ್ಕೆ ಎಳೆಯುತ್ತಿದ್ದಳು. ಅವಳು ಗಿಡ್ಡ. ಸಲೀಸಾಗಿ ಕೈಗೆ ಎಟಕುವ, ಚಪ್ಪಟೆಯಾದ, ಬಿಳಿ ಎದ್ದು ಕಾಣುವ ಜಾಗ ಅದೊಂದೇ. ಸುಮ್ಮನೆ ಸವರುತ್ತಿರಲಿಲ್ಲ, ಒತ್ತಿ ಹಚ್ಚುತ್ತಿದ್ದಳು. ಕಣ್ಣು ಕಣ್ಣಾಗಿದ್ದ ಆ ಜಾಗದಲ್ಲಿ ಒತ್ತದೆ ಹಚ್ಚಿದರೆ ಗೆರೆ ನೇರ ಬರುತ್ತಿರಲಿಲ್ಲ. ಆಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, “ಹೋಗಿ ಬರ್ರಿ” ಎನ್ನುತ್ತಿದ್ದಳು. ಗಂಡನಿಗೆ ಹೇಳುತ್ತಿದ್ದ ಮಾತನ್ನು ಈಗ ಮೋಟಾರಿಗೆ ಹೇಳುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು.

ಒಂದು ಸಂಜೆ ಗಿರಣಿಯಿಂದ ಬಂದವನು ಹಿತ್ತಲಿಗೆ ಹೋದೆ. ಕಾಕಾ ಮೋಟಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಪೊರಕೆಯಿಂದ ಎಳೆದ ಒಂದು ಕಡ್ಡಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಜಾಲರಿಯ ಒಂದೊಂದೇ ಕಣ್ಣಿನೊಳಗೆ ತೂರಿಸಿ, ಅವ್ವ ಬೆಳಿಗ್ಗೆ ಹಚ್ಚಿದ ವಿಭೂತಿಯನ್ನು ಕೆದಕಿ ತೆಗೆಯುತ್ತಿದ್ದರು. ಬೂದಿ ಅವರ ಬರಿಗಾಲಿನ ಮೇಲೆ ಉದುರುತ್ತಿತ್ತು.

ನನಗೆ ತಲೆ ಕೆಟ್ಟಿತು. ಅಪ್ಪ ಹೋಗಿ ಎರಡು ತಿಂಗಳೂ ಆಗಿರಲಿಲ್ಲ.

“ಏನ್ ಮಾಡಾಕತ್ತೀರಿ ಕಾಕಾ? ಅವ್ವ ಹಚ್ಚಿದ್ದನ್ನ ಯಾಕ ಕೆರೀತೀರಿ?”

ಅವರು ಎದ್ದು ನಿಂತರು. “ಸ್ವಚ್ಛ ಮಾಡಾಕತ್ತಿದ್ನಿರಿ.”

“ವಿಭೂತಿ ಏನು ಕೆಸರೇನು, ಸ್ವಚ್ಛ ಮಾಡಾಕ? ನಿಮಗ ಅದರ ಬೆಲಿ ಇರಲಿಕ್ಕಿಲ್ಲ. ಆಕಿಗೆ ಐತಿ. ಆಕಿ ನೋಡಿದ್ರ ಎಷ್ಟು ನೊಂದ್ಕೋತಾಳ ಗೊತ್ತೈತೇನು? ಇನ್ನ ಮ್ಯಾಲ ಅದನ್ನ ಮುಟ್ಟಬ್ಯಾಡ್ರಿ.”

‘ನಿಮಗ’ ಎಂದು ಒತ್ತಿ ಹೇಳಿದ್ದೆ. ಅದರ ಅರ್ಥ ಇಬ್ಬರಿಗೂ ತಿಳಿಯಿತು. ಕಾಕಾ ನನ್ನ ಮುಖ ನೋಡಿದರು. ಆಮೇಲೆ ಕಡ್ಡಿಯನ್ನು ಜೇಬಿಗೆ ಹಾಕಿ, “ತಪ್ಪಾತ್ರಿ ಸಣ್ಣ ಧಣೀರ” ಎಂದು ಕಾಲಿನ ಮೇಲಿನ ಬೂದಿಯನ್ನು ಕೊಡವಿಕೊಳ್ಳದೆಯೇ ಹೊರಟುಹೋದರು.

ಶಾಖ ಹರಿಯುವ ಮೂರು ಬಗೆಗಳನ್ನು ಚಿತ್ರ ಸಮೇತ ಬರೆದು ಪರೀಕ್ಷೆಯಲ್ಲಿ ಪಾಸಾದವನು ನಾನು. ಜಾಲರಿಯ ಕಣ್ಣು ಮುಚ್ಚಿದರೆ ಗಾಳಿ ಎಲ್ಲಿಂದ ಹಾಯಬೇಕು ಎಂಬ ಪ್ರಶ್ನೆ ನನಗೆ ಅಂದೂ ಹೊಳೆಯಲಿಲ್ಲ, ಮುಂದಿನ ಮೂರು ತಿಂಗಳೂ ಹೊಳೆಯಲಿಲ್ಲ.

ಆ ಮೂರು ತಿಂಗಳು ಕಾಕಾ ಹೇಗೆ ನಿಭಾಯಿಸಿದರೆಂದು ಈಗ ಒಂದೊಂದಾಗಿ ನೆನಪಾಗುತ್ತದೆ. ಚಳಿಯಿದ್ದರೂ ನಲ್ಲಿಯನ್ನು ಮನೆಯ ಬಾಗಿಲಲ್ಲೇ ತೆರೆಯತೊಡಗಿದರು. ಕಮಲಾಪುರದ ಕೆರೆ ಏರಿಯ ಮೇಲೆ, “ಗಾಡಿ ಒಂದೀಟು ಉಸಿರು ತಗೊಳ್ಳಲಿ” ಎಂದು ಮರದ ನೆರಳಲ್ಲಿ ನಿಲ್ಲಿಸುತ್ತಿದ್ದರು. ಬಾನೆಟ್ಟಿನ ಎರಡೂ ರೆಕ್ಕೆ ಎತ್ತಿ ಹಗ್ಗ ಕಟ್ಟಿ ಓಡಿಸುತ್ತಿದ್ದರು. ನಾನು ಹಾಸ್ಯ ಮಾಡುತ್ತಿದ್ದೆ.

“ಕಾಕಾ, ಹಿಂದ ನೋಡ್ರಿ. ಬಾಳಿಕಾಯಿ ಗಾಡಿ ಎತ್ತು ದಾರಿ ಬಿಡ್ರಿ ಅಂತ ಕೊಂಬು ಅಲ್ಲಾಡ್ಸಾಕತ್ತಾವು.”

“ಹೋಗ್ಲಿ ಬಿಡ್ರಿ, ಅವಕ್ಕ ಮುಂದ ಹುಲ್ಲೈತಿ. ನಮಗೇನೈತಿ, ಬರೇ ನೆಲ್ಲಿನ ಧೂಳು.”

ನಿಲ್ಲಿಸಿದಲ್ಲೆಲ್ಲ ಅವರು ನಗುತ್ತಲೇ ಎಣ್ಣೆಯ ಕಡ್ಡಿ ಎಳೆದು ಬೆರಳಿನಲ್ಲಿ ತಿಕ್ಕಿ ನೋಡುತ್ತಿದ್ದರು. ಬೆರಳನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸುಟ್ಟ ವಾಸನೆ ಬಂದಿರಬೇಕು. ನನಗೆ ಹೇಳಲಿಲ್ಲ. ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ.

ಕಂಪ್ಲಿಯ ದಾರಿ ಸಪಾಟು. ಸಂಡೂರಿನದು ಹಾಗಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಆ ದಿನ ಗುಡ್ಡದ ಬುಡದಲ್ಲಿ ಕಾಕಾ ಮೋಟಾರು ನಿಲ್ಲಿಸಿ, “ಅವ್ವಾರ, ಇಲ್ಲೆ ಒಂದರ್ಧ ತಾಸು ಕುಂತು ಹೋಗೋಣೇನ್ರಿ? ಬಿಸಿಲು ಭಾಳ ಐತಿ” ಎಂದಿದ್ದರು. ಅವ್ವ ಒಪ್ಪುತ್ತಿದ್ದಳೇನೋ. ನಾನೇ, “ತೊಟ್ಟಿಲ ತೂಗೋದು ಮುಗಿದ ಮ್ಯಾಲ ಹೋಗಿ ಏನು ಎಲಿ ಎತ್ತಬೇಕೇನು? ಹೊಡೀರಿ” ಎಂದೆ.

ಹನ್ನೊಂದು ಇಪ್ಪತ್ತಕ್ಕೆ ಮುಳ್ಳು ಇಳಿಯತೊಡಗಿತು. ಕಾಕಾ ಅದನ್ನು ನೋಡಿದರು, ಕೈ ಇಳಿಸಿ ನಲ್ಲಿಯನ್ನು ಮುಟ್ಟಿ ನೋಡಿದರು. ಅದು ಪೂರ್ತಿ ತೆರೆದೇ ಇತ್ತು. ಇನ್ನು ತೆರೆಯಲು ಏನೂ ಉಳಿದಿರಲಿಲ್ಲ. ಮುಂದಿನ ತಿರುವಿನಲ್ಲಿ ಗಣಿಯ ಅದಿರುಗಾಡಿಗಳು ಒಂದಕ್ಕೊಂದು ದಾರಿ ಕೊಡಲೆಂದು ಮಾಡಿದ ಸಪಾಟು ಜಾಗವಿತ್ತು. “ಅಲ್ಲೀತನಕ ಹೋದ್ರ ಸಾಕು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಷ್ಟರಲ್ಲಿ ಎಂಜಿನ್ನಿನ ಒಳಗಿನಿಂದ ಬಾಗಿಲು ಬಡಿದ ಹಾಗೆ ಸದ್ದು ಬಂತು. ಮೊದಲು ಒಂದು, ಆಮೇಲೆ ಬಿಡದೆ. ಮೋಟಾರು ಪೂರ್ತಿ ನಡುಗಿತು. ಆ ನಡುಕಕ್ಕೆ ಮುಳ್ಳಿನ ಹಿಂದಿನ ತಾಮ್ರದ ಕೊಳವೆ ಬೆಸುಗೆ ಬಿಟ್ಟು ಕಿತ್ತು ಬಂತು.

ಕಾದ ಎಣ್ಣೆ ಕಾಕಾನ ಬಲಗಾಲಿನ ಮೇಲೆ ಸುರಿಯಿತು. ಅವರು ಯಾವಾಗಲೂ ಬರಿಗಾಲಿನಲ್ಲೇ ಓಡಿಸುತ್ತಿದ್ದರು. ಎಂಜಿನ್ನು ಮತ್ತೆ ನಾಲ್ಕು ಸಲ ಬಡಿದು, ಗಕ್ಕನೆ ಹಿಡಿದು ನಿಂತಿತು. ಸದ್ದೆಲ್ಲ ನಿಂತ ಆ ಕ್ಷಣದಲ್ಲಿ ನನಗೆ ತಿಳಿಯಿತು, ನಾವು ಹಿಂದಕ್ಕೆ ಹೋಗುತ್ತಿದ್ದೇವೆ ಎಂದು.

ಕಾಕಾ ಅದೇ ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟು ಒತ್ತಿದರು. ಕೈಬ್ರೇಕನ್ನೂ ಎಳೆದರು. ಮೋಟಾರು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಒಂದು ಬೆರಳಗಲ ಜಾರಿತು. ಕೊಳವೆಯಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅವರ ಪಾಯಿಜಾಮದ ಕಾಲು ಎಣ್ಣೆ ಕುಡಿದು ಚರ್ಮಕ್ಕೆ ಅಂಟಿ ಹೊಗೆಯಾಡುತ್ತಿತ್ತು.

“ಕಲ್ಲು!” ಎಂದರು ಕಾಕಾ. ಕೂಗಲಿಲ್ಲ, ಹಲ್ಲು ಕಚ್ಚಿ ಹೇಳಿದರು. “ಹಿಂದಿನ ಗಾಲಿಗೆ ಕಲ್ಲು ಇಡ್ರಿ. ಅವ್ವಾರ, ನೀವು ಅಲ್ಲಾಡಬ್ಯಾಡ್ರಿ.”

ನಾನು ಇಳಿದೆ. ನನ್ನ ಬಾಗಿಲಿಗೂ ಇಳಿಜಾರಿಗೂ ನಡುವೆ ಮೊಳದಷ್ಟು ನೆಲ. ಬಾಗಿಲ ಹಿಡಿಕೆ ಹಿಡಿದುಕೊಂಡೇ ಹಿಂದಕ್ಕೆ ಸರಿದೆ. ಗಾಜಿನಾಚೆ ಅವ್ವ ಗಂಟನ್ನು ಎದೆಗೆ ಅವಚಿಕೊಂಡು ನೇರ ಮುಂದೆ ನೋಡುತ್ತಿದ್ದಳು. ಆ ಗುಡ್ಡದಲ್ಲಿ ಎಲ್ಲಿ ನೋಡಿದರೂ ಕಲ್ಲೇ. ಆದರೂ ನನ್ನ ಕಣ್ಣಿಗೆ ಕಲ್ಲು ಕಾಣಲಿಲ್ಲ. ಕೊನೆಗೆ ತಲೆಗಾತ್ರದ ಒಂದು ಕೆಂಪು ಕಲ್ಲು ಸಿಕ್ಕಿತು, ತಂದು ಗಾಲಿಯ ಹಿಂದೆ ಇಟ್ಟೆ. ಗಾಲಿ ಅದರ ಮೇಲೆ ಬಂತು, ಕಲ್ಲು ಪುಡಿಪುಡಿಯಾಯಿತು. ಅದು ಕಾವಿಯ ಹೆಂಟೆ, ಗೋಡೆಗೆ ಬಳಿಯುವಂಥದ್ದು. ಮೋಟಾರು ಮತ್ತೆ ಅರ್ಧ ಗೇಣು ಹಿಂದಕ್ಕೆ ಬಂತು.

“ಸಣ್ಣ ಧಣೀರ,” ಎಂದರು ಕಾಕಾ ಒಳಗಿನಿಂದ, ಮಗುವಿಗೆ ಹೇಳುವ ದನಿಯಲ್ಲಿ. “ಗಾಬರಿ ಆಗಬ್ಯಾಡ್ರಿ. ಕರಿ ಕಲ್ಲು ನೋಡ್ರಿ. ಒಜ್ಜಿ ಇರೂದು. ನಾ ಹಿಡದೀನಿ.”

ಕಪ್ಪು ಕಲ್ಲು ಮೇಲ್ಬದಿಯಲ್ಲಿತ್ತು. ಅದಿರು ತುಂಬಿದ ಕಲ್ಲು, ಎತ್ತಲು ಬರಲಿಲ್ಲ. ಉರುಳಿಸಿಕೊಂಡು ಬಂದೆ. ಎಷ್ಟು ಹೊತ್ತು ಹಿಡಿಯಿತು? ಆಗ ಒಂದು ತಾಸಾದ ಹಾಗೆ ಅನಿಸಿತ್ತು. ಆಮೇಲೆ ಲೆಕ್ಕ ಹಾಕಿದಾಗ ಎರಡು ಮೂರು ನಿಮಿಷಕ್ಕಿಂತ ಹೆಚ್ಚಿರಲಾರದು ಎಂದು ತಿಳಿಯಿತು. ಆ ಎರಡು ಮೂರು ನಿಮಿಷವೂ ಕಾಕಾನ ಸುಡುವ ಪಾದ ಬ್ರೇಕಿನ ಮೇಲಿತ್ತು. ಒಮ್ಮೆ ಎತ್ತಿ, ಬಟ್ಟೆ ಕಿತ್ತು, ಒರೆಸಿಕೊಂಡಿದ್ದರೆ ಗಾಯ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಎತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಅವ್ವ ಇರುತ್ತಿರಲಿಲ್ಲ.

ಕಪ್ಪು ಕಲ್ಲು ಗಾಲಿಯನ್ನು ಹಿಡಿಯಿತು. ಅವ್ವನನ್ನು ಇಳಿಸಿದೆ. ಅವಳ ಎರಡೂ ಕಾಲು ನೆಲಕ್ಕೆ ತಾಗಿದ್ದನ್ನು ಕಂಡ ಮೇಲೆ ಕಾಕಾ ಪಾದ ಎತ್ತಿದರು. ಬ್ರೇಕಿನ ಪಟ್ಟಿಗೆ ಚರ್ಮ ಅಂಟಿಕೊಂಡಿತ್ತು. ಇಷ್ಟು ಹೇಳಿದರೆ ಸಾಕು.

ಹಿಂದಿನಿಂದ ಬಂದ ಒಂದು ಅದಿರುಗಾಡಿಯವರು ತಮ್ಮ ಹೊರೆಯನ್ನು ದಾರಿಯಲ್ಲೇ ಸುರಿದು, ಹುಲ್ಲು ಹಾಸಿ, ಕಾಕಾನನ್ನು ಮಲಗಿಸಿಕೊಂಡು ಸಂಡೂರಿನ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಬಟ್ಟೆ ಕತ್ತರಿಸಿ, ಹಳದಿ ಔಷಧದ ಪಟ್ಟಿ ಸುತ್ತಿ, ನನ್ನನ್ನು ಹೊರಗೆ ಕರೆದರು. “ಹತ್ತು ದಿನ ನೋಡಬೇಕು. ಕೀವಾಗದೆ ಇದ್ದರೆ ಕಾಲು ಉಳಿಯುತ್ತದೆ. ಕೀವಾಗಿ ಮೇಲಕ್ಕೆ ಏರಿದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ. ಔಷಧ ಬಿಟ್ಟು ಬೇರೇನೂ ಗಾಯಕ್ಕೆ ತಾಗಬಾರದು.”

ಮರುದಿನ ಬಾಡಿಗೆ ಬಸ್ಸಿನಲ್ಲಿ ಕಾಕಾನನ್ನು ಚಿತ್ತವಾಡ್ಗಿಯ ಅವರ ಮನೆಗೆ ತಂದೆವು. ಮೂರನೆಯ ದಿನ ಎರಡು ಜೋಡಿ ಎತ್ತು ಕಟ್ಟಿ ಮೋಟಾರನ್ನು ಎಳೆಸಿ ತಂದದ್ದಾಯಿತು. ಮಿಸ್ತ್ರಿ ಎಂಜಿನ್ನು ಬಿಚ್ಚಿ, “ಒಳಗಿನ ಮೆತ್ತನ ಲೋಹ ಮೇಣ ಕರಗಿದಂಗ ಕರಗೈತಿ. ಎಣ್ಣಿ ನೀರಾಗಿತ್ತು” ಎಂದ. ಆಮೇಲೆ ಜಾಲರಿಯನ್ನು ಕಳಚಿ ನನ್ನ ಕೈಗೆ ಕೊಟ್ಟು, “ಇದನ್ನೊಂದೀಟು ಬಿಸಿಲಿಗೆ ಹಿಡೀರಿ” ಎಂದ.

ಹಿಡಿದೆ. ಬೆಳಕು ಬರಲಿಲ್ಲ. ಅಂಚಿನ ಒಂದೆರಡು ಸಾಲು ಬಿಟ್ಟರೆ ಎಲ್ಲ ಕಣ್ಣುಗಳೂ ಮುಚ್ಚಿದ್ದವು. ವಿಭೂತಿಯ ಮೇಲೆ ಎಣ್ಣೆಯ ಜಿಡ್ಡು, ಅದರ ಮೇಲೆ ಗಿರಣಿಯ ಧೂಳು, ಮತ್ತೆ ವಿಭೂತಿ. ಪದರ ಪದರವಾಗಿ ಗಾರೆ ಮಾಡಿದ ಗೋಡೆಯ ಹಾಗೆ ಗಟ್ಟಿಯಾಗಿತ್ತು. ಮೇಲ್ಪದರದಲ್ಲಿ ಮೂರು ಬೆರಳಿನ ಗುರುತು ಇನ್ನೂ ಸ್ಪಷ್ಟವಾಗಿತ್ತು.

ಅಂದಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಕೆಂಪು ಕಲ್ಲು ಪುಡಿಯಾಗುವುದು ಕಾಣುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯುವ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗಲೂ ಕೆಲವೊಮ್ಮೆ ಹೋಗುತ್ತೇನೆ. ಬೆಳಗಾದರೆ ಚಿತ್ತವಾಡ್ಗಿಗೆ ಹೋಗಿ ಕೂರುವುದೇ ನನ್ನ ಕೆಲಸವಾಯಿತು. ಸರಕಾರಿ ದವಾಖಾನೆಯ ಡ್ರೆಸ್ಸರು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಿಸುತ್ತಿದ್ದ. ಕಾಕಾಗೆ ಜ್ವರ ಬಿಟ್ಟಿರಲಿಲ್ಲ. ಅವರೂ ನಿದ್ದೆ ಮಾಡುತ್ತಿರಲಿಲ್ಲ. ಕಾಕಾನ ಹೆಂಡತಿಯನ್ನು ನಾನು ಕಾಕಿ ಎನ್ನುತ್ತಿದ್ದೆ. “ನಿದ್ದಿ ಹತ್ತಿತು ಅನ್ನೂದ್ರಾಗ ಕಾಲಿನಿಂದ ಗ್ವಾಡಿ ಒತ್ತಿ ಎಚ್ಚರ ಆಗ್ತಾರ್ರಿ. ಬ್ರೇಕ್ ಹಾಕ್ತಾರ, ಬ್ರೇಕ್” ಎಂದು ಅವರು ಹೇಳಿದ ದಿನ ನನಗೆ ಇನ್ನು ತಡೆಯಲಾಗಲಿಲ್ಲ.

“ಕಾಕಾ, ಜಾಲರಿ ನೋಡಿದೆ” ಎಂದೆ.

ಅವರು ಸೂರಿನ ಕಡೆ ನೋಡುತ್ತ ಮಲಗಿದ್ದರು. “ಹೂಂ.”

“ನಿಮಗ ಗೊತ್ತಿತ್ತು.”

“ಗೊತ್ತಿರದ ಏನ್ರಿ? ದಿನಾ ಕೆರೀತಿದ್ದಾಂವ ನಾನ.”

“ಮತ್ತ ನಾ ಬೈದಾಗ ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ? ಧಣಿ ಹೋಗಿ ಎರಡು ತಿಂಗಳಾಗಿರಲಿಲ್ಲ. ನಿಮ್ಮ ತಾಯಿ ಭಸ್ಮದಿಂದ ಗಾಡಿ ಕೆಡತೈತಿ ಅಂತ ಒಬ್ಬ ಸಾಬ ಹೇಳಬೇಕೇನು?” ಮುಖವನ್ನು ನನ್ನ ಕಡೆ ತಿರುಗಿಸಿ, “ತಪ್ಪು ನಂದೂ ಐತ್ರಿ. ಗೊತ್ತಿದ್ದೂ ಅವ್ವಾರನ್ನ ಗುಡ್ಡಕ್ಕ ಹತ್ತಿಸಿದೆ. ಅವ್ವಾರಿಗೆ ಏನರ ಆಗಿದ್ರ ಕಬರಸ್ತಾನಕ್ಕ ಹೋದ್ರೂ ನನಗ ನಿದ್ದಿ ಬರ್ತಿದ್ದಿಲ್ಲ” ಎಂದರು. ಆಮೇಲೆ ನನ್ನ ಕೈ ಹಿಡಿದರು. “ಒಂದು ಮಾತು. ಅವ್ವಾರಿಗೆ ಇದು ತಿಳಿಬಾರದು. ಎಣ್ಣಿ ಹಳೇದಿತ್ತು ಅಂತ ಹೇಳ್ರಿ.”

ನಾನು ಒಪ್ಪಿದೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು.

ಎಂಟನೆಯ ದಿನ ಬುಧವಾರ. ಪೂಜೆ ಮುಗಿಸಿದ ಅವ್ವ, “ನಾನೂ ಬರ್ತೀನಿ ನಡಿ” ಎಂದಳು. ಸಾಹುಕಾರರ ಮನೆಯ ಹೆಂಗಸು ಡ್ರೈವರನ ಮನೆಗೆ, ಅದೂ ಮುಸಲ್ಮಾನರ ಓಣಿಗೆ ಹೋಗುವುದೆಂದರೆ ಆ ಕಾಲಕ್ಕೆ ಸಣ್ಣ ಸುದ್ದಿಯಲ್ಲ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಕಾಕಿ ಗಡಬಡಿಸಿ ಹೊಸ ಚಾಪೆ ಹಾಸಿ, “ಕುಂದ್ರಿ ಅವ್ವಾರ, ಕುಂದ್ರಿ” ಎಂದರು. ಅವ್ವ ಚಾಪೆಯ ಮೇಲೆ ಕೂರದೆ ನೇರ ಕಾಕಾನ ಮಂಚದ ಕಾಲ್ದೆಸೆಗೆ ಹೋಗಿ ಕುಳಿತಳು.

ಡ್ರೆಸ್ಸರು ಆಗ ತಾನೇ ಹಳೆಯ ಪಟ್ಟಿ ಬಿಚ್ಚಿ, ನೀರು ಕುದಿಸಲು ಹಿತ್ತಲಿಗೆ ಹೋಗಿದ್ದ. ಗಾಯ ತೆರೆದಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೊಂಟದಿಂದ ಚೀಲ ತೆಗೆದು, ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿಟ್ಟು, ತಂಬಿಗೆಯಿಂದ ನಾಲ್ಕು ಹನಿ ನೀರು ಹಾಕಿ ಕಲಸತೊಡಗಿದಳು.

“ಅವತ್ತು ಗುಡ್ಡದಾಗ ಇದ ನಮ್ಮನ್ನ ಕಾಯ್ದದ್ದು ತಮ್ಮಾ,” ಎಂದಳು. “ನಿನ್ನ ಕಾಲನ್ನೂ ಇದ ಕಾಯ್ತೈತಿ.”

ನಾನು ಕಾಕಾನ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡರು. ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಬೇರೇನೂ ತಾಗಬಾರದು ಎಂದು ಡಾಕ್ಟರು ಹೇಳಿದ್ದು ಅವರಿಬ್ಬರಿಗೂ ಗೊತ್ತಿತ್ತು. ಅವರು ಹೇಳುವುದಿಲ್ಲ, ಕಾಲು ಹೋದರೂ ಹೇಳುವುದಿಲ್ಲ ಎಂದು ನನಗೆ ತಿಳಿಯಿತು. ಅವ್ವನ ಮೂರು ಬೆರಳು ಗಾಯದ ಕಡೆಗೆ ಬಾಗಿದ್ದವು.

“ಅವ್ವಾ, ಬ್ಯಾಡ!”

ಹೊರಗಿನ ಹೆಂಗಸರೂ ಬೆಚ್ಚುವಷ್ಟು ಜೋರಾಗಿ ಕೂಗಿದ್ದೆ. ಅವಳ ಕೈ ಹಿಡಿದು, ನಿಂತ ಜಾಗದಲ್ಲೇ ಎಲ್ಲ ಹೇಳಿದೆ. ಜಾಲರಿ ಯಾಕಿದೆ ಎಂಬುದು, ಕಾಕಾ ಸಂಜೆ ಸಂಜೆ ಏನು ಮಾಡುತ್ತಿದ್ದರು ಎಂಬುದು, ನಾನು ಅವರಿಗೆ ಏನೆಂದು ಬೈದೆ ಎಂಬುದು, ಆ ‘ನಿಮಗ’ ಎಂಬ ಮಾತನ್ನೂ ಬಿಡದೆ.

ಅವ್ವ ಕೈಯನ್ನು ಬಿಡಿಸಿಕೊಂಡಳು. ಅಂಗೈಯಲ್ಲಿದ್ದುದನ್ನು ನೋಡುತ್ತ ಕುಳಿತಳು.

“ಹಂಗಾದ್ರ ಅದು ಗಾಡಿ ಹಣಿ ಅಲ್ಲೇನು?” ಎಂದಳು ಕೊನೆಗೆ.

“ಅಲ್ರೀ ಅವ್ವಾರ” ಎಂದರು ಕಾಕಾ ಮೆಲ್ಲಗೆ. “ಅದು ಮೂಗು ಇದ್ದಂಗ.”

“ನಾಕು ತಿಂಗಳು ಮೂಗು ಮುಚ್ಚೀನಿ ನಾನು!” ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. “ಹೇಳಿದ್ರ ನಾ ಏನು ಕಚ್ಚತಿದ್ನೇನು? ನಿಮ್ಮ ಧಣಿಗೂ ನಾ ಕೇಳಾಕಿ, ಇದು ಬೇಕೇನ್ರಿ, ಇದು ಬ್ಯಾಡೇನ್ರಿ ಅಂತ. ಬ್ಯಾಡಾದ್ರ ಬ್ಯಾಡಂತ ನೇರ ಹೇಳ್ತಿದ್ರು. ನೀವೆಲ್ಲ ನನ್ನ ಗಾಜಿನ ಗೊಂಬಿ ಮಾಡಿಟ್ರಿ. ತಮ್ಮಾ ಅಂತೀನಿ ನಿನಗ. ತಮ್ಮ ಆದಾಂವ ಅಕ್ಕಗ ಹಿಂಗ ಮಾಡ್ತಾನೇನು?”

“ತಪ್ಪಾತ್ರಿ.”

“ತಪ್ಪು ನಿಂದಲ್ಲ. ಇಂವಂದು.” ನನ್ನ ಕಡೆ ನೋಡದೆ ಹೇಳಿದಳು. “ಇಷ್ಟು ಓದಿಸಿದ್ರೂ ಇಂವಗ ಹಣಿ ಯಾವುದು ಮೂಗು ಯಾವುದು ತಿಳಿಲಿಲ್ಲ. ಕಾಲು ಹಿಡಿಯೋ.”

ಹಿಡಿದೆ. ಸುಡದ ಕಾಲನ್ನು. ಕಾಕಾ, “ಏ ಬ್ಯಾಡ್ರಿ, ಬ್ಯಾಡ್ರಿ” ಎಂದು ಎಳೆದುಕೊಳ್ಳಲು ಹೋಗಿ ನೋವಿನಿಂದ ನರಳಿದರು. ಕಾಕಿ, “ಹಿಡಿಲಿ ಬಿಡ್ರಿ, ಸಣ್ಣ ಧಣೀರ ಕೈ ತಣ್ಣಗದಾವು” ಎಂದಾಗ ಎಲ್ಲರೂ ನಕ್ಕರು. ಕುದಿಸಿದ ನೀರು ಹಿಡಿದು ಬಂದ ಡ್ರೆಸ್ಸರಿಗೆ ಇಲ್ಲಿ ಏನಾಯಿತೆಂದು ಅರ್ಥವಾಗಲಿಲ್ಲ.

ಅವ್ವ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಪಟ್ಟಿ ಕಟ್ಟಿ ಮುಗಿಯುವ ತನಕ ಬೀಸಣಿಗೆಯಿಂದ ನೊಣ ಓಡಿಸುತ್ತ ಕುಳಿತಳು. ಕಾಕಿ ಕೊಟ್ಟ ಬೆಲ್ಲ ನೀರನ್ನು, ಕ್ಷಣ ಯೋಚಿಸಿ, ಕುಡಿದಳು. ಅವಳು ಬೇರೆಯವರ ಮನೆಯಲ್ಲಿ ನೀರು ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನ ಗುರುವಾರ. ನಾನು ಚಿತ್ತವಾಡ್ಗಿಗೆ ಹೋದಾಗ ಹೊತ್ತು ಏರಿತ್ತು. ಬಾಗಿಲು ಮುಂದಕ್ಕೆ ಎಳೆದಿತ್ತು, ಡ್ರೆಸ್ಸರು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕಾಯುತ್ತಿದ್ದ. ಕಾಕಿ ಹೊಸ್ತಿಲಲ್ಲಿ ಕುಳಿತು ತುಟಿಯ ಮೇಲೆ ಬೆರಳಿಟ್ಟರು.

“ರಾತ್ರಿ ಒಂಬತ್ತಕ್ಕ ಮಲಗ್ಯಾರ್ರಿ. ಒಮ್ಮೆನೂ ಎದ್ದಿಲ್ಲ. ಗ್ವಾಡಿಗೆ ಕಾಲೂ ಒತ್ತಿಲ್ಲ. ಎಬ್ಬಿಸಬ್ಯಾಡ್ರಿ.”

ನಾವು ಮೂವರೂ ಅಲ್ಲೇ ಕಾಯುತ್ತ ಕುಳಿತೆವು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಹತ್ತು ಗಂಟೆಗೆ ಕಾಕಾ ಎದ್ದರು. ಡ್ರೆಸ್ಸರು ಪಟ್ಟಿ ಬಿಚ್ಚಿ, ಬಾಗಿ, ಮೂಸಿ ನೋಡಿ, ಕೀವಿಲ್ಲ, ಅಂಚಿನಲ್ಲಿ ಹೊಸ ಚರ್ಮ ಕಾಣುತ್ತಿದೆ, ಕಾಲು ಉಳಿಯಿತು ಎಂದ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಆಮೇಲೆ ಪಡಸಾಲೆಯ ಬರಿನೆಲದ ಮೇಲೆ ಒರಗಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಶುಕ್ರವಾರ ಬೆಳಗಾಗಿತ್ತು, ಯಾರೋ ನನ್ನ ತಲೆಯ ಕೆಳಗೆ ದಿಂಬು ಇಟ್ಟಿದ್ದರು.